ನೀರು ನಿಂತ ಗದ್ದೆಯ ಸಾರಜನಕವನ್ನು ಅರಸಿದ ವಿಜ್ಞಾನಿ: ಡಾ. ವಿ. ಸುಬ್ರಹ್ಮಣ್ಯನ್



ಬಿಕ್ಕೋಡು ಹೋಬಳಿಯ ಕಾಫಿ ತೋಟಗಳ ನಡುವಣ ತಗ್ಗು ಗದ್ದೆಗಳಲ್ಲಿ ಮಳೆಗಾಲದುದ್ದಕ್ಕೂ ನೀರು ನಿಲ್ಲುವುದನ್ನು ತಾವು ಬಲ್ಲಿರಿ. ಒಣ ಹೊಲದ ರಾಗಿಗೆ ಗೊಬ್ಬರ ಕೊಟ್ಟ ರೀತಿಯಲ್ಲಿಯೇ ಈ ಗದ್ದೆಯ ಭತ್ತಕ್ಕೂ ಕೊಟ್ಟರೆ, ಸಾರಜನಕದ ಒಂದು ಪಾಲು ಬೆಳೆಗೆ ದಕ್ಕದೆ ಹೋಗುತ್ತದೆ. ಇದರ ಕಾರಣವನ್ನು ಅರಿಯಲು ದಾರಿ ತೋರಿದವರಲ್ಲಿ ಜೀವರಸಾಯನ ವಿಜ್ಞಾನಿ ಡಾ. ವೈದ್ಯನಾಥ ಸುಬ್ರಹ್ಮಣ್ಯನ್ ಪ್ರಮುಖರು.

1902ರಲ್ಲಿ ಜನಿಸಿದ ಅವರು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಜಲಾವೃತ ಮಣ್ಣನ್ನು ಅಭ್ಯಸಿಸಿ, 1927ರಿಂದ ಸಂಶೋಧನಾ ಲೇಖನಗಳನ್ನು ಪ್ರಕಟಿಸಿದರು. ನೀರು ನಿಂತ ಮಣ್ಣಿನಲ್ಲಿ ನೈಟ್ರೇಟ್ ಕ್ಷೀಣಿಸಿ ಅಮೋನಿಯಾ ಹೆಚ್ಚುವುದನ್ನೂ, ಅಮೋನಿಯಾ ಉತ್ಪತ್ತಿಯಲ್ಲಿ ಮಣ್ಣಿನ ಕಿಣ್ವವೊಂದರ ಪಾತ್ರವಿರುವುದನ್ನೂ ಅವರು ತೋರಿಸಿದರು.

ಸ್ವದೇಶಕ್ಕೆ ಮರಳಿದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥರಾದರು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯಕ್ಕೆ ಮೊದಲ ನಿರ್ದೇಶಕರಾಗಿ, 1963ರವರೆಗೆ ಅದನ್ನು ಮುನ್ನಡೆಸಿದರು. ಅಪೌಷ್ಟಿಕತೆಯ ನಿವಾರಣೆಗಾಗಿ ಅಲ್ಲಿ ರೂಪುಗೊಂಡ ಬಹೂಪಯೋಗಿ ಆಹಾರದಲ್ಲಿ ಎಣ್ಣೆ ತೆಗೆದ ಶೇಂಗಾ ಹಿಟ್ಟು 75 ಭಾಗ, ಹುರಿಗಡಲೆ ಹಿಟ್ಟು 25 ಭಾಗ ಇದ್ದವು. ಜೀವಸತ್ವಗಳನ್ನೂ ಸುಣ್ಣಾಂಶವನ್ನೂ ಸೇರಿಸಲಾಗಿತ್ತು. ಶೇಂಗಾ, ಕಡಲೆಗಳೆರಡೂ ಬೇರುಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ಸ್ಥಿರೀಕರಿಸುವ ದ್ವಿದಳ ಬೆಳೆಗಳು. ಮಣ್ಣಿನಲ್ಲಿ ಅವರು ಅರಸಿದ ಸಾರಜನಕವೇ ಇಲ್ಲಿ ಬಡಮಕ್ಕಳ ತಟ್ಟೆಯ ಸಸಾರಜನಕವಾಯಿತು. 1979ರಲ್ಲಿ ಅವರು ನಿಧನರಾದರು.

ಅವರ ಅಧ್ಯಯನವೂ ಅನಂತರದ ಸಂಶೋಧನೆಗಳೂ ತಮ್ಮ ಗದ್ದೆಗೆ ನೀಡುವ ಪಾಠಗಳು ಇವು:

• ನಾಟಿಯ ವೇಳೆ ನೈಟ್ರೇಟ್ ರೂಪದ ಗೊಬ್ಬರ ಬೇಡ. ನೀರು ನಿಂತ ಕೆಸರಿನಲ್ಲಿ ಅದು ಬಸಿದು ಹೋಗುತ್ತದೆ, ಇಲ್ಲವೇ ಅನಿಲವಾಗಿ ಗಾಳಿ ಸೇರುತ್ತದೆ. ಅಮೋನಿಯಂ ಸಲ್ಫೇಟ್ ಅಥವಾ ಯೂರಿಯಾ ಸೂಕ್ತ.

• ಯೂರಿಯಾವನ್ನು ಒಮ್ಮೆಗೇ ಸುರಿಯದೆ ಕಂತುಗಳಲ್ಲಿ ಕೊಡಿ. ಮೊದಲ ಕಂತನ್ನು ಕೆಸರಿನಲ್ಲಿ ಬೆರೆಸಿ. ನಿಂತ ನೀರಿನ ಮೇಲೆ ಎರಚಿದರೆ ನಷ್ಟ ಹೆಚ್ಚು.

• ಗೊಬ್ಬರ ಕೊಟ್ಟ ಕೂಡಲೇ ಗದ್ದೆಯ ನೀರನ್ನು ಹೊರಬಿಡಬೇಡಿ. ಗದ್ದೆ ಪದೇ ಪದೇ ಒಣಗಿ ತೇವಗೊಂಡರೆ ಅಮೋನಿಯಂ ನೈಟ್ರೇಟ್ ಆಗಿ ಮಾರ್ಪಟ್ಟು ನಷ್ಟವಾಗುತ್ತದೆ.

• ಡಯಾಂಚ ಅಥವಾ ಸೆಣಬನ್ನು ಬೆಳೆದು, ಹೂ ಬಿಡುವ ಹಂತದಲ್ಲಿ ಮಣ್ಣಿಗೆ ಸೇರಿಸಿ. ಹಸಿರೆಲೆ ಕೊಳೆತಂತೆ ಅದರ ಸಾರಜನಕ ಅಮೋನಿಯಂ ಆಗಿ ಭತ್ತಕ್ಕೆ ಒದಗುತ್ತದೆ.

ಗೊಬ್ಬರದ ಪ್ರಮಾಣವನ್ನು ಮಣ್ಣು ಪರೀಕ್ಷೆಯ ಆಧಾರದ ಮೇಲೆ ನಿರ್ಧರಿಸಿ. ಹೆಚ್ಚಿನ ಮಾಹಿತಿಗೆ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಿ.