ಕಡಲು ದಾಟಿದ ಮೀನು

ಟ್ರೌಟ್ ತಣ್ಣೀರಿನ ಮೀನು. ಸಾಲ್ಮನ್ ಮೀನಿನ ಹತ್ತಿರದ ಸಂಬಂಧಿ. ಮೈಮೇಲೆ ಚುಕ್ಕೆಗಳುಳ್ಳ ಕಂದು ಟ್ರೌಟಿನ ಮೂಲ ನೆಲೆ ಯುರೋಪು ಮತ್ತು ಅದರ ಆಸುಪಾಸಿನ ನಾಡುಗಳು. ಆದರೆ ಇಂದು ಅದು ಭೂಗೋಳದ ಇನ್ನೊಂದು ಬದಿಯಲ್ಲಿರುವ ಟಾಸ್ಮೇನಿಯ ದ್ವೀಪದ ಹೊಳೆಗಳಲ್ಲಿ ಯಾರ ಆರೈಕೆಯನ್ನೂ ಬೇಡದೆ, ತಾನೇ ಮೊಟ್ಟೆಯಿಟ್ಟು ಮರಿಮಾಡಿ ಬಾಳುತ್ತಿದೆ. ಅದನ್ನು ಅಲ್ಲಿಗೆ ತಲುಪಿಸಿದ ಸಾಹಸದೊಡನೆ ಜೇಮ್ಸ್ ಆರ್ಂಡೆಲ್ ಯೂಲ್ ಎಂಬವನ ಹೆಸರು ಬೆಸೆದುಕೊಂಡಿದೆ. ವಿಚಿತ್ರವೆಂದರೆ, ಅವನು ಹಂಬಲಿಸಿದ ಮೀನು ಟ್ರೌಟ್ ಅಲ್ಲ.

ಯೂಲ್ 1811ರಲ್ಲಿ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸಿನಲ್ಲಿ ಜನಿಸಿದನು. ತಂದೆ ಪಾದ್ರಿ. ಬಾಲ್ಯದಲ್ಲಿಯೇ ಟಾಸ್ಮೇನಿಯಕ್ಕೆ ಬಂದ ಅವನು ಮುಂದೆ ಅಲ್ಲಿ ದೊಡ್ಡ ಜಮೀನಿಗೆ ಒಡೆಯನಾದನು. 1854ರಲ್ಲಿ ಸಂಸಾರದೊಡನೆ ಇಂಗ್ಲೆಂಡಿಗೆ ಹೋಗಿ ಲಂಡನ್ನಿನ ಬಳಿ ನೆಲೆಸಿದನು. ತಾನು ಬೆಳೆದ ದ್ವೀಪದ ತಿಳಿನೀರಿನ ನದಿಗಳಲ್ಲಿ ಸಾಲ್ಮನ್ ಮೀನು ತುಂಬಿ ತುಳುಕಬೇಕೆಂಬ ಹಂಬಲ ಅಲ್ಲಿಯೂ ಅವನನ್ನು ಬಿಡಲಿಲ್ಲ.

ಹಂಬಲಿಸುವುದು ಸುಲಭ, ಸಾಧಿಸುವುದು ಕಷ್ಟವಾಗಿತ್ತು. ಹಾಯಿಹಡಗು ಇಂಗ್ಲೆಂಡಿನಿಂದ ಟಾಸ್ಮೇನಿಯವನ್ನು ಮುಟ್ಟಲು ಸುಮಾರು ಮೂರು ತಿಂಗಳು ಬೇಕು. ನಡುವೆ ಉಷ್ಣವಲಯವನ್ನು ದಾಟಬೇಕು. ಸಾಲ್ಮನ್ ಮತ್ತು ಟ್ರೌಟ್ ಮೀನುಗಳ ಮೊಟ್ಟೆಗಳಾದರೋ ಚಳಿಗಾಲದ ಕೊರೆಯುವ ನೀರಿನಲ್ಲಿ ಬೆಳೆಯತಕ್ಕವು. ನೀರು ಬೆಚ್ಚಗಾದರೆ ಸಾಯುತ್ತವೆ. 1860ರಲ್ಲಿ ಯೂಲ್ ಮೊಟ್ಟೆಗಳನ್ನು ತಟ್ಟೆಗಳಲ್ಲಿ ಹರಡಿ, ಅವುಗಳ ಮೇಲೆ ಮಂಜುಗಡ್ಡೆಯಿಂದ ತಂಪಾದ ನೀರು ಹರಿಯುವಂತೆ ಏರ್ಪಡಿಸಿ ಹಡಗಿನಲ್ಲಿ ಕಳುಹಿಸಿದನು. ದಾರಿಯಲ್ಲಿ ಮಂಜುಗಡ್ಡೆ ಕರಗಿಹೋಯಿತು, ಮೊಟ್ಟೆಗಳೆಲ್ಲ ಸತ್ತವು. 1862ರಲ್ಲಿ ಮತ್ತೊಂದು ಹಡಗು ಹೊರಟಿತು. ಅದಕ್ಕೂ ಅದೇ ಗತಿಯಾಯಿತು.

ಆದರೆ ಈ ಎರಡನೆಯ ಸೋಲಿನಲ್ಲಿ ಒಂದು ಸುಳಿವು ಅಡಗಿತ್ತು. ಒದ್ದೆ ಹಾವಸೆಯಲ್ಲಿ ಸುತ್ತಿ ಮಂಜುಗಡ್ಡೆಯ ಕೋಣೆಯಲ್ಲಿ ಇರಿಸಿದ್ದ ಒಂದು ಪೆಟ್ಟಿಗೆಯಲ್ಲಿ ಕೆಲವು ಮೊಟ್ಟೆಗಳು ಮಿಕ್ಕವುಗಳಿಗಿಂತ ಹೆಚ್ಚು ಕಾಲ ಬದುಕಿದ್ದವು. ಹಾಗಾದರೆ ಮೊಟ್ಟೆಗಳಿಗೆ ಹರಿಯುವ ನೀರೇ ಬೇಕೆಂಬ ನಂಬಿಕೆ ಸರಿಯೆ? ಯೂಲ್ ಲಂಡನ್ನಿನ ಮಂಜುಗಡ್ಡೆ ವ್ಯಾಪಾರಿಗಳ ನೆಲಮಾಳಿಗೆಯಲ್ಲಿ ಇದನ್ನು ಪರೀಕ್ಷಿಸಿದನು. ಹಾವಸೆಯಲ್ಲಿ ಸುತ್ತಿದ ಮೊಟ್ಟೆಗಳ ಪೆಟ್ಟಿಗೆಗಳನ್ನು ಮಂಜುಗಡ್ಡೆಯ ನಡುವೆ ಹುದುಗಿಸಿ, ಆಗಾಗ ಒಂದೊಂದನ್ನೇ ತೆರೆದು ನೋಡಲಾಯಿತು. ಮೂರು ತಿಂಗಳು ಕಳೆದ ಮೇಲೂ ಮೊಟ್ಟೆಗಳಲ್ಲಿ ಜೀವವಿತ್ತು! ಶೀತವು ಭ್ರೂಣದ ಬೆಳವಣಿಗೆಯನ್ನು ನಿಧಾನಗೊಳಿಸಿತ್ತು. ಹಾವಸೆಯು ತೇವವನ್ನೂ ಗಾಳಿಯನ್ನೂ ಉಳಿಸಿಕೊಟ್ಟಿತ್ತು.

1864ರ ಜನವರಿಯಲ್ಲಿ ‘ನಾರ್ಫೋಕ್’ ಎಂಬ ಹಾಯಿಹಡಗು ಇಂಗ್ಲೆಂಡನ್ನು ಬಿಟ್ಟಿತು. ಹಡಗಿನ ಒಡೆಯರು ಬಾಡಿಗೆಯಿಲ್ಲದೆ ಸ್ಥಳ ಕೊಟ್ಟಿದ್ದರು. ಪೆಟ್ಟಿಗೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸಾಲ್ಮನ್ ಮೊಟ್ಟೆಗಳಿದ್ದವು. ಜೊತೆಗೆ ಫ್ರಾಂಕ್ ಬಕ್‌ಲ್ಯಾಂಡ್ ಮತ್ತು ಫ್ರಾನ್ಸಿಸ್ ಫ್ರಾನ್ಸಿಸ್ ಎಂಬ ಮತ್ಸ್ಯಪ್ರೇಮಿಗಳು ಕೊನೆಗಳಿಗೆಯಲ್ಲಿ ಒದಗಿಸಿದ ಸುಮಾರು 3,000 ಟ್ರೌಟ್ ಮೊಟ್ಟೆಗಳೂ ಒಂದು ಮೂಲೆಯಲ್ಲಿ ಸೇರಿಕೊಂಡವು. ಏಪ್ರಿಲ್ ತಿಂಗಳಲ್ಲಿ ಹಡಗು ಮೆಲ್ಬರ್ನ್ ಸೇರಿತು. ಅಲ್ಲಿಂದ ಪೆಟ್ಟಿಗೆಗಳನ್ನು ಇನ್ನೊಂದು ಹಡಗಿನಲ್ಲಿ ಟಾಸ್ಮೇನಿಯಕ್ಕೆ ಸಾಗಿಸಿ, ಡರ್ವೆಂಟ್ ನದಿಯ ಮೇಲೆ ಕೊಂಡೊಯ್ದು, ಕಡೆಯ ದಾರಿಯನ್ನು ಆಳುಗಳ ಹೆಗಲ ಮೇಲೆ ಹೊರಿಸಿ, ಪ್ಲೆಂಟಿ ಹೊಳೆಯ ದಡದಲ್ಲಿ ಸಿದ್ಧಗೊಳಿಸಿದ್ದ ಕೊಳಗಳಿಗೆ ಮುಟ್ಟಿಸಿದರು. ಮೇ 4ರಂದು ಮೊದಲ ಟ್ರೌಟ್ ಮರಿ ಮೊಟ್ಟೆಯೊಡೆದು ಹೊರಬಂದಿತು. ಮರುದಿನ ಸಾಲ್ಮನ್ ಮರಿಯೂ ಕಾಣಿಸಿಕೊಂಡಿತು.

ಸಾಲ್ಮನ್ ಮರಿಗಳು ಸಾವಿರಗಟ್ಟಲೆ. ಟ್ರೌಟ್ ಮರಿಗಳು ಸುಮಾರು 300 ಮಾತ್ರ. ಜನರ ಕಣ್ಣೆಲ್ಲ ಸಾಲ್ಮನ್ ಮೇಲಿದ್ದುದರಲ್ಲಿ ಆಶ್ಚರ್ಯವಿಲ್ಲ. ಅವು ಬೆಳೆದು, ತಮ್ಮ ಜಾತಿಯ ಸ್ವಭಾವದಂತೆ ಹೊಳೆಯಿಂದ ಕಡಲಿಗೆ ಇಳಿದುಹೋದವು. ಮೊಟ್ಟೆಯಿಡಲು ಹುಟ್ಟಿದ ಹೊಳೆಗೆ ಮರಳಬೇಕಾಗಿದ್ದ ಅವು ತಿರುಗಿ ಬರಲಿಲ್ಲ. ಮತ್ತೆ ಮತ್ತೆ ಮೊಟ್ಟೆ ತರಿಸಿದರೂ ಆ ನದಿಗಳಲ್ಲಿ ಸಾಲ್ಮನ್ ವಂಶ ನಿಲ್ಲಲಿಲ್ಲ.

ಟ್ರೌಟಿಗೆ ಕಡಲಿನ ಹಂಗಿಲ್ಲ. ಅದಕ್ಕೆ ಬೇಕಾದುದು ತಂಪಾದ, ನಿರ್ಮಲವಾದ, ಸದಾ ಹರಿಯುವ ನೀರು. ತಳದಲ್ಲಿ ಹರಳುಗಲ್ಲುಗಳ ಹಾಸು. ಹೆಣ್ಣುಮೀನು ಬಾಲದಿಂದ ಬಡಿದು ಕಲ್ಲುಗಳ ನಡುವೆ ಗುಳಿ ತೋಡುತ್ತದೆ. ಮೊಟ್ಟೆಯಿಟ್ಟ ಬಳಿಕ ಹರಳುಗಳನ್ನು ಕೆದರಿ ಮುಚ್ಚುತ್ತದೆ. ಸಂದುಗಳಲ್ಲಿ ನುಸುಳುವ ನೀರು ಮೊಟ್ಟೆಗಳಿಗೆ ಪ್ರಾಣವಾಯುವನ್ನು ಒದಗಿಸುತ್ತದೆ. ಮಣ್ಣು ಕೊಚ್ಚಿಬಂದು ಸಂದುಗಳು ಮುಚ್ಚಿದರೆ ಮೊಟ್ಟೆಗಳು ಉಸಿರುಕಟ್ಟಿ ಸಾಯುತ್ತವೆ. ಟಾಸ್ಮೇನಿಯದ ಹೊಳೆಗಳಲ್ಲಿ ಟ್ರೌಟಿಗೆ ಇವೆಲ್ಲವೂ ದೊರೆತವು. 1866ರಲ್ಲಿ ಪ್ಲೆಂಟಿಯ ಕೊಳಗಳಲ್ಲಿ ಬೆಳೆದ ಮೀನುಗಳೇ ಮೊಟ್ಟೆಯಿಟ್ಟವು. ಇಂಗ್ಲೆಂಡಿನಲ್ಲಿ ಚಳಿಗಾಲವಿದ್ದಾಗ ಇಲ್ಲಿ ಬೇಸಗೆ; ಆದರೂ ಅವು ದಕ್ಷಿಣದ ಋತುಗಳಿಗೆ ಹೊಂದಿಕೊಂಡವು. ಮರುವರ್ಷವೇ ಟಾಸ್ಮೇನಿಯದಿಂದ ನ್ಯೂಜಿಲೆಂಡಿಗೆ ಮೊಟ್ಟೆಗಳು ಹೋದವು.

ಈ ವಿಜಯಕ್ಕೆ ಬೆಲೆ ತೆತ್ತವರೂ ಉಂಟು. ಆ ನಾಡುಗಳ ಹೊಳೆಗಳಲ್ಲಿ ಗ್ಯಾಲಾಕ್ಸಿಯಸ್ ಎಂಬ ಸಣ್ಣ ಮೀನುಗಳು ಅನಾದಿಯಿಂದ ಬಾಳಿದ್ದವು. ಹೊಸದಾಗಿ ಬಂದ ಟ್ರೌಟ್ ಅವುಗಳನ್ನು ತಿಂದಿತು, ಅವುಗಳ ಆಹಾರವನ್ನೂ ಕಸಿಯಿತು. ಅನೇಕ ಕಡೆ ಅವು ಕಾಣೆಯಾದವು. ಯೂಲನ ಕಾಲದವರು ಹೊಳೆಯನ್ನು ಬರಿದಾದ ಪಾತ್ರೆಯೆಂದು ಬಗೆದಿದ್ದರು. ಈ ತಪ್ಪನ್ನು ಅವನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ.

1891ರಲ್ಲಿ ಯೂಲನಿಗೆ ‘ಸರ್’ ಪದವಿ ದೊರೆಯಿತು. 1904ರಲ್ಲಿ, ತೊಂಬತ್ತೆರಡನೆಯ ವಯಸ್ಸಿನಲ್ಲಿ, ಅವನು ಇಂಗ್ಲೆಂಡಿನಲ್ಲಿ ತೀರಿಕೊಂಡನು. ಪ್ಲೆಂಟಿಯ ದಡದ ಆ ಕೊಳಗಳಿಗೆ ಜನರು ಇಂದಿಗೂ ‘ಸಾಲ್ಮನ್ ಕೊಳಗಳು’ ಎಂದೇ ಹೇಳುತ್ತಾರೆ.