ಶರಣೆ ಆಯ್ದಕ್ಕಿ ಲಕ್ಕಮ್ಮ

ಸತಿಪತಿಗಳ ನಡುವಿನ ವಿರಸಕ್ಕೆ ಕಾರಣವೇನೆಂದು ಕೇಳಿದರೆ ಬಡತನವೆಂದು ಹೇಳುವುದು ವಾಡಿಕೆ. ಆದರೆ ಹಣವಿಲ್ಲದ ಮನೆಯಲ್ಲಿ ಮಾತ್ರವೇ ಜಗಳವಾಗುವುದಿಲ್ಲ. ಹಣವುಳ್ಳ ಮನೆಯಲ್ಲಿಯೂ ಆಗುತ್ತದೆ. ಗಂಡನು ತನ್ನ ಪಗಾರವೆಷ್ಟೆಂದು ಹೆಂಡತಿಗೆ ತಿಳಿಸುವುದಿಲ್ಲ. ಹೆಂಡತಿಯು ಜೋಳದ ಡಬ್ಬಿಯ ತಳದಲ್ಲಿ ನಾಲ್ಕು ಕಾಸು ಬಚ್ಚಿಡುತ್ತಾಳೆ. ಇಬ್ಬರೂ ಮನೆಯ ಹಿತಕ್ಕಾಗಿಯೇ ಹಾಗೆ ಮಾಡುತ್ತಾರೆ. ಇಬ್ಬರಿಗೂ ಇರುವುದು ನಾಳೆಯ ಭಯವೇ. ಆದರೂ ಆ ಎಚ್ಚರಿಕೆಯೇ ಕಾಲಕ್ರಮದಲ್ಲಿ ಸಂಶಯವಾಗಿ ಬೆಳೆದು ಒಬ್ಬರಿಂದೊಬ್ಬರನ್ನು ದೂರ ಮಾಡುತ್ತದೆ. ಹಣದ ವಿಷಯದಲ್ಲಿ ಎಚ್ಚರವಾಗಿದ್ದೂ ಒಂದೇ ಮನಸ್ಸಿನಿಂದ ಬಾಳಿದ ದಂಪತಿಗಳುಂಟೇ ಎಂದು ನಾನು ಯೋಚಿಸಿದಾಗಲೆಲ್ಲ ನನಗೆ ನೆನಪಾಗುವವಳು 12ನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮ.

ಲಕ್ಕಮ್ಮ ಮತ್ತು ಆಕೆಯ ಪತಿ ಮಾರಯ್ಯ ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರಿನ ಬಳಿಯ ಅಮರೇಶ್ವರದವರು. ಕಲ್ಯಾಣದ ಕೀರ್ತಿಯನ್ನು ಕೇಳಿ ಅವರು ಅಲ್ಲಿಗೆ ಬಂದು ನೆಲೆಸಿದರು. ಕಳಚೂರಿ ಬಿಜ್ಜಳನು ಆಗ ಅಲ್ಲಿ ಆಳುತ್ತಿದ್ದನು. ಬಸವಣ್ಣನವರು ಅವನ ಭಂಡಾರಿಗಳಾಗಿದ್ದರು. ದೋಣಿ ನಡೆಸುವ ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬುಟ್ಟಿ ಹೆಣೆಯುವ ಮೇದಾರ ಕೇತಯ್ಯ, ಹೀಗೆ ಪ್ರತಿಯೊಬ್ಬ ಶರಣನಿಗೂ ಒಂದೊಂದು ಕಾಯಕವಿತ್ತು. ಮಾರಯ್ಯನ ಕಾಯಕವು ಎಲ್ಲಕ್ಕಿಂತ ಸಣ್ಣದು. ದಾಸೋಹ ನಡೆಯುತ್ತಿದ್ದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಕಾಳುಗಳನ್ನು ಅವನು ಆಯ್ದು ತರುತ್ತಿದ್ದನು. ಲಕ್ಕಮ್ಮನು ಅದನ್ನು ಹಸನು ಮಾಡಿ, ಅಟ್ಟು, ಜಂಗಮರಿಗೆ ನೀಡಿದ ಮೇಲೆ ಉಳಿದುದನ್ನು ಪತಿಯೊಡನೆ ಪ್ರಸಾದವೆಂದು ಸ್ವೀಕರಿಸುತ್ತಿದ್ದಳು. ಇದರಿಂದಲೇ ಇಬ್ಬರಿಗೂ ಆಯ್ದಕ್ಕಿ ಎಂಬ ಹೆಸರು ನಿಂತಿತು.

ಇವರ ಜೀವನದ ಎರಡು ಪ್ರಸಂಗಗಳು ಪ್ರಸಿದ್ಧವಾಗಿವೆ. ಒಂದು ದಿನ ಮಾರಯ್ಯನು ಅನುಭವದ ಮಾತುಕತೆಯಲ್ಲಿ ಮೈಮರೆತು ಕುಳಿತನು. ಹೊತ್ತು ಮೀರಿದುದನ್ನು ಕಂಡ ಲಕ್ಕಮ್ಮನು, ಕಾಯಕವು ನಿಂತುಹೋಯಿತೆಂದು ಅವನನ್ನು ಎಚ್ಚರಿಸಿ ಕಳುಹಿಸಿದಳು. ಮಾರಯ್ಯನು ಅವಸರದಿಂದ ಹೋಗಿ ಅಂಗಳದಲ್ಲಿದ್ದ ಅಕ್ಕಿಯನ್ನೆಲ್ಲ ಬಳಿದು ತಂದನು. ಬಸವಣ್ಣನವರೇ ಈ ದಂಪತಿಗಳನ್ನು ಪರೀಕ್ಷಿಸಲೆಂದು ಅಂದು ಹೆಚ್ಚು ಅಕ್ಕಿ ಚೆಲ್ಲಿಸಿದ್ದರೆಂದು ಕಥೆ ಹೇಳುತ್ತದೆ. ಗಂಟನ್ನು ನೋಡಿದೊಡನೆ ಲಕ್ಕಮ್ಮನಿಗೆ ಅಳತೆ ತಪ್ಪಿದ್ದು ತಿಳಿಯಿತು. ಅತಿಯಾಸೆಯು ಅರಸರಿಗೆ ಸಲ್ಲುವುದೇ ಹೊರತು ಭಕ್ತರಿಗೆ ಸಲ್ಲದೆಂದು ಅವಳು ಪತಿಗೆ ತಿಳಿಹೇಳಿದಳು. ಇದು ನಿಮ್ಮ ಮನಸ್ಸಿನಿಂದ ಬಂದುದೋ ಬಸವಣ್ಣನವರ ಸಂದೇಹದಿಂದ ಬಂದುದೋ ಎಂದೂ ಕೇಳಿದಳು. ಹೆಚ್ಚಿನ ಅಕ್ಕಿಯನ್ನು ಎಲ್ಲಿಂದ ತಂದಿದ್ದನೋ ಅಲ್ಲಿಯೇ ಸುರಿದು ಬರಬೇಕೆಂದಳು. ಮಾರಯ್ಯನು ಸಿಟ್ಟಾಗಲಿಲ್ಲ, ವಾದಿಸಲೂ ಇಲ್ಲ. ಹೋಗಿ ಸುರಿದು ಬಂದನು.

ಆ ಬಳಿಕ ಈ ದಂಪತಿಗಳು ಹಿಡಿಯಕ್ಕಿಯಿಂದ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರನ್ನು ತಣಿಸಿದರೆಂಬ ಪವಾಡವನ್ನೂ ಹೇಳುವರು. ನನಗೆ ಆ ಪವಾಡಕ್ಕಿಂತಲೂ ದೊಡ್ಡದಾಗಿ ತೋರುವುದು ಮಾರಯ್ಯನು ಬರಿಗೈಯಲ್ಲಿ, ಆದರೆ ನಗುಮುಖದಲ್ಲಿ, ಮನೆಗೆ ಮರಳಿದ್ದು.

ನಾವು ಕಂಡ ಎಚ್ಚರಿಕೆಗೂ ಲಕ್ಕಮ್ಮನ ಎಚ್ಚರಿಕೆಗೂ ಇರುವ ಅಂತರವನ್ನು ಗಮನಿಸಬೇಕು. ನಾವು ಕಡಿಮೆಯಾದೀತೆಂದು ಹೆದರುತ್ತೇವೆ. ಅವಳು ಹೆಚ್ಚಾದೀತೆಂದು ಹೆದರಿದಳು. ನಾವು ಬಚ್ಚಿಡುತ್ತೇವೆ, ಅವಳು ಬಾಯಿಬಿಟ್ಟು ಹೇಳಿದಳು. ಮನೆಗೆ ಎಷ್ಟು ಬಂತು, ಹೇಗೆ ಬಂತು, ಎಷ್ಟು ಸಾಕು ಎಂಬ ಮೂರು ಮಾತುಗಳೂ ಇಬ್ಬರಿಗೂ ಗೊತ್ತಿದ್ದವು. ಹೀಗೆ ಪತಿಯನ್ನು ತಿದ್ದಿದವಳು ಪತಿಯನ್ನು ಕಡೆಗಣಿಸಿದಳೆಂದು ಯಾರೂ ಭಾವಿಸಬಾರದು. ಮಾರಯ್ಯನ ವಚನಗಳ ಅಂಕಿತ ಅಮರೇಶ್ವರಲಿಂಗ. ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ತಾನು ತಿದ್ದಿದ ಪತಿಯ ಹೆಸರನ್ನೇ ಅವಳು ತನ್ನ ದೇವರ ಹೆಸರಿನೊಡನೆ ಸೇರಿಸಿಕೊಂಡಳು. ದಾಂಪತ್ಯದ ಸಮಾನತೆಗೆ ಇದಕ್ಕಿಂತ ಚೆಲುವಾದ ಸಾಕ್ಷಿ ನನಗೆ ತಿಳಿಯದು.

ನಾಳೆಗೆಂದು ಏನನ್ನೂ ಇಡದ ಶರಣರ ಬಾಳು ಇಂದಿನ ಸಂಸಾರಕ್ಕೆ ಹೊಂದೀತೇ ಎಂದು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಮಳೆಯನ್ನೇ ನಂಬಿ ತೊಗರಿ, ಜೋಳ ಬಿತ್ತುವ ನಮ್ಮ ಬೀದರ ಜಿಲ್ಲೆಯ ಒಕ್ಕಲಿಗನಿಗೆ ಬರ ಯಾವ ವರ್ಷ ಬಂದೀತೆಂದು ಹೇಳಲಾಗದು. ರೋಗರುಜಿನಗಳು ಹೇಳಿ ಬರುವುದಿಲ್ಲ. ಮಕ್ಕಳ ಓದಿಗೂ ಹಣ ಬೇಕು. ಕೂಡಿಡುವ ತಾಯಂದಿರನ್ನು ಆಸೆಬುರುಕರೆಂದು ಕರೆಯುವುದು ಅನ್ಯಾಯ. ಆದರೆ ಕೂಡಿಡುವುದು ಬೇರೆ, ಬಚ್ಚಿಡುವುದು ಬೇರೆ. 2000-01ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಸ್ತ್ರೀಶಕ್ತಿ ಗುಂಪುಗಳ ರೀತಿಯನ್ನು ನೋಡಿರಿ. ಹೆಣ್ಣುಮಕ್ಕಳು ಒಂದೆಡೆ ಕುಳಿತು ಉಳಿತಾಯದ ಹಣ ಕಟ್ಟಿ ಎಲ್ಲರೆದುರಿಗೆ ಲೆಕ್ಕ ಬರೆಯುತ್ತಾರೆ. ಆ ಲೆಕ್ಕದ ಪುಸ್ತಕವು ಮನೆಯಲ್ಲಿ ಗಂಡಹೆಂಡಿರ ನಡುವೆಯೂ ತೆರೆದುಕೊಂಡರೆ ಎಷ್ಟೋ ವಿರಸಗಳು ಹುಟ್ಟುವ ಮೊದಲೇ ಅಡಗುವುವು.

ಕಲ್ಯಾಣದ ಆ ವೈಭವ ಬಹುಕಾಲ ಉಳಿಯಲಿಲ್ಲ. 1167ರ ಸುಮಾರಿಗೆ ಕ್ರಾಂತಿಯಾಗಿ ಶರಣರು ದಿಕ್ಕುದಿಕ್ಕಿಗೆ ಚದುರಿದರು. ಲಕ್ಕಮ್ಮನವೆಂದು ಇಂದು ನಮಗೆ ದೊರೆತಿರುವ ವಚನಗಳು 25. ತಾಳೆಯೋಲೆಯಲ್ಲಿದ್ದ ವಚನಗಳನ್ನು ಹುಡುಕಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಿದ ಫ. ಗು. ಹಳಕಟ್ಟಿಯವರಿಗೆ ನಾಡೇ ಋಣಿಯಾಗಿದೆ.

ಲಕ್ಕಮ್ಮನು ನಡೆದಾಡಿದ ನೆಲ ನಮಗೆ ದೂರದ್ದಲ್ಲ. ಮಾಣಿಕನಗರದಿಂದ ಹುಮನಾಬಾದಿಗೆ ಬಂದು ಬಸ್ಸು ಹತ್ತಿದರೆ ಬಸವಕಲ್ಯಾಣ ಒಂದು ತಾಸಿನ ದಾರಿ. ಅಲ್ಲಿ ನೂತನ ಅನುಭವ ಮಂಟಪಕ್ಕೆ 2021ರಲ್ಲಿ ಅಡಿಗಲ್ಲು ಹಾಕಲಾಯಿತು. 1817ರಲ್ಲಿ ಹುಟ್ಟಿ 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳ ಸನ್ನಿಧಿಯಲ್ಲಿ ಬಂದವರಿಗೆಲ್ಲ ಅನ್ನವಿಕ್ಕುವುದನ್ನು ಕಂಡು ಬೆಳೆದ ನಮಗೆ, ಉಂಡು ಉಳಿದುದನ್ನು ಹಂಚುವ ಧರ್ಮವನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಆದರೂ ನಮ್ಮಲ್ಲಿ ಅನೇಕರು ಮನೆತನದಲ್ಲಿಯೇ ಮೊದಲ ಬಾರಿಗೆ ಪದವಿ ಪಡೆಯುವವರು. ತಿಂಗಳ ಸಂಬಳವೆಂಬುದನ್ನೂ ಮೊದಲ ಬಾರಿಗೆ ಕಾಣಲಿರುವವರು. ಹಿರಿಯರಿಂದ ನಮಗೆ ಬಂದ ಆಸ್ತಿಯೆಂದರೆ ಹೊಲಕ್ಕಿಂತ ಹೆಚ್ಚಾಗಿ ನಾಳೆಯ ಭಯವೇ. ಆ ಭಯವನ್ನೇ ಹೊತ್ತುಕೊಂಡು ಮದುವೆಯ ಮನೆಗೆ ಹೋದರೆ ಸಂಬಳ ಬಂದರೂ ಸುಖ ಬಾರದು. ಸಂಗಾತಿಯ ಮುಂದೆ ಗಂಟು ಬಿಚ್ಚಿ ಇಡುವ ಮಾರಯ್ಯನ ಧೈರ್ಯವೂ, ಅದನ್ನು ನೋಡಿ ಇಷ್ಟು ಸಾಕೆನ್ನುವ ಲಕ್ಕಮ್ಮನ ವಿವೇಕವೂ ನಮ್ಮಲ್ಲಿ ಗಂಡಿಗೂ ಹೆಣ್ಣಿಗೂ ಸಮವಾಗಿ ಬರಲೆಂದು ನಾನು ಹಾರೈಸುತ್ತೇನೆ.