ಫಿರಂಗಿಯ ಗಣಕದಿಂದ ಚಿತ್ತಾರ ಬರೆಸಿದ ಜಾನ್ ವಿಟ್ನಿ

ಪರದೆಯ ಮೇಲೆ ನೂರಾರು ಚುಕ್ಕಿಗಳು ತಾವಾಗಿಯೇ ಸುತ್ತುತ್ತವೆ. ಕ್ಷಣಕಾಲ ಹೂವಾಗಿ ಅರಳಿ, ಮರುಕ್ಷಣ ಸುರುಳಿಯಾಗಿ ಚದುರಿ, ಮತ್ತೆಲ್ಲೋ ಒಂದೇ ಸಾಲಿಗೆ ಬಂದು ಸೇರುತ್ತವೆ. ಅಂತರ್ಜಾಲದಲ್ಲಿ ಇಂತಹ ಚಲಿಸುವ ಚಿತ್ತಾರಗಳನ್ನು ಕಾಣದವರು ಈಗ ವಿರಳ. ಇಲ್ಲಿ ಕಲಾವಿದ ಚಿತ್ರವನ್ನು ಬಿಡಿಸುವುದಿಲ್ಲ. ಚಿತ್ರ ಹುಟ್ಟುವ ನಿಯಮವನ್ನು ಬರೆಯುತ್ತಾನೆ. ಉಳಿದದ್ದನ್ನು ಗಣಕಯಂತ್ರ ನೋಡಿಕೊಳ್ಳುತ್ತದೆ. ಈ ಕಲೆಗೆ ಕ್ರಿಯೇಟಿವ್ ಕೋಡಿಂಗ್ ಎಂಬ ಹೆಸರು ಬಂದದ್ದು ಇತ್ತೀಚೆಗೆ. ಆದರೆ ಅದರ ಬೇರು ಎರಡನೆಯ ಮಹಾಯುದ್ಧದ ಕಾಲದ ಒಂದು ಯಂತ್ರದಲ್ಲಿದೆ ಎಂದರೆ ಅಚ್ಚರಿಯಾದೀತು.

ಆ ಯಂತ್ರ ನಿರ್ಮಾಣವಾದದ್ದು ಶತ್ರು ವಿಮಾನಗಳನ್ನು ಹೊಡೆದುರುಳಿಸಲು. ಅದರಿಂದ ಚಿತ್ತಾರ ಬರೆಸಿದವರು ಅಮೆರಿಕದ ಜಾನ್ ವಿಟ್ನಿ. ಗಣಕ ಆ್ಯನಿಮೇಷನ್‌ನ ಪಿತಾಮಹರಲ್ಲಿ ಒಬ್ಬರೆಂದು ಇಂದು ಅವರನ್ನು ಸ್ಮರಿಸಲಾಗುತ್ತದೆ. ಕೊಳ್ಳಲು ಗಣಕಗಳೇ ಇಲ್ಲದ ಕಾಲದಲ್ಲಿ ಅವರು ಗಣಕದ ಕಲೆಯನ್ನು ಕನಸಿದರು. ಬದುಕಿನ ಬಹುಭಾಗವನ್ನು ತಕ್ಕ ಯಂತ್ರಕ್ಕಾಗಿ ಕಾಯುವುದರಲ್ಲಿಯೇ ಕಳೆದರು.

ಪ್ಯಾರಿಸ್‌ನಲ್ಲಿ ಮೂಡಿದ ಪ್ರಶ್ನೆ

ವಿಟ್ನಿ ಜನಿಸಿದ್ದು 1917ರ ಏಪ್ರಿಲ್ 8ರಂದು, ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ. ಪೊಮೋನಾ ಕಾಲೇಜಿನಲ್ಲಿ ಓದಿದ ಬಳಿಕ ಪ್ಯಾರಿಸ್‌ಗೆ ತೆರಳಿ ರೆನೆ ಲೀಬೊವಿಟ್ಸ್ ಅವರ ಬಳಿ ಸಂಗೀತ ರಚನೆಯ ಹನ್ನೆರಡು ಸ್ವರಗಳ ಪದ್ಧತಿಯನ್ನು ಅಭ್ಯಾಸ ಮಾಡಿದರು. ಹನ್ನೆರಡು ಸ್ವರಗಳನ್ನು ಒಂದು ನಿರ್ದಿಷ್ಟ ಸರಣಿಯಲ್ಲಿ ಜೋಡಿಸಿ, ಆ ಸರಣಿಯನ್ನು ತಿರುಗಿಸಿ, ಮಗುಚಿ, ಅದರಿಂದಲೇ ಇಡೀ ಕೃತಿಯನ್ನು ಬೆಳೆಸುವ ಕ್ರಮ ಅದು. ನಿಯಮದಿಂದ ಕಲೆ ಹುಟ್ಟಬಹುದೆಂಬ ಪಾಠ ಅವರಿಗೆ ಮೊದಲು ದೊರೆತದ್ದು ಸಂಗೀತದಲ್ಲಿ.

ಅಲ್ಲಿಂದಲೇ ಒಂದು ಪ್ರಶ್ನೆ ಅವರ ಬೆನ್ನು ಹತ್ತಿತು. ಸಂಗೀತ ಯಾವ ಕಥೆಯನ್ನೂ ಹೇಳದೆ, ಯಾರ ಮುಖವನ್ನೂ ತೋರಿಸದೆ ಕೇಳುಗನನ್ನು ಕಲಕುತ್ತದೆ. ಕಿವಿಗೆ ಸಾಧ್ಯವಾದದ್ದು ಕಣ್ಣಿಗೇಕೆ ಸಾಧ್ಯವಾಗಬಾರದು? ಕೇವಲ ಆಕಾರ, ಬಣ್ಣ, ಚಲನೆಗಳಿಂದ ಕಣ್ಣಿಗೊಂದು ಸಂಗೀತವನ್ನು ಕಟ್ಟಲಾಗದೇ? ಮುಂದಿನ ಐದು ದಶಕಗಳ ಅವರ ದುಡಿಮೆಯೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕುವ ಯತ್ನವೇ ಆಗಿತ್ತು.

ಲೋಲಕಗಳ ನಾದ

ಅಮೆರಿಕಕ್ಕೆ ಹಿಂದಿರುಗಿದ ಜಾನ್ ಅವರಿಗೆ ಜೊತೆಯಾದವರು ತಮ್ಮ ಜೇಮ್ಸ್. 1921ರಲ್ಲಿ ಜನಿಸಿದ ಜೇಮ್ಸ್ ಚಿತ್ರಕಾರರು. ಅಣ್ಣನದು ಸಂಗೀತ ಮತ್ತು ಯಂತ್ರಗಳ ಹುಚ್ಚು, ತಮ್ಮನದು ಬಣ್ಣ ಮತ್ತು ಧ್ಯಾನದ ಹುಚ್ಚು. 1943 ಮತ್ತು 1944ರಲ್ಲಿ ಇಬ್ಬರೂ ಸೇರಿ ಐದು ಕಿರುಚಿತ್ರಗಳ ಮಾಲೆಯೊಂದನ್ನು ಸಿದ್ಧಪಡಿಸಿದರು. ಫೈವ್ ಫಿಲ್ಮ್ ಎಕ್ಸರ್ಸೈಸಸ್ ಎಂಬ ಆ ಮಾಲೆಯಲ್ಲಿ ಬರೀ ಬೆಳಕಿನ ಆಕೃತಿಗಳ ಚಲನೆಯಿದೆ.

ಚಿತ್ರಕ್ಕಿಂತಲೂ ಬೆರಗು ಹುಟ್ಟಿಸುವುದು ಅದರ ಧ್ವನಿ. ಯಾವ ವಾದ್ಯವನ್ನೂ ನುಡಿಸದೆ, ಮೈಕ್ ಬಳಸದೆ ಅದನ್ನು ರೂಪಿಸಲಾಗಿತ್ತು. ಬೇರೆ ಬೇರೆ ಉದ್ದದ ಹನ್ನೆರಡು ಲೋಲಕಗಳನ್ನು ತಂತಿಗಳ ಮೂಲಕ ಬೆಳಕಿನ ಕಿಂಡಿಯೊಂದಕ್ಕೆ ಜೋಡಿಸಲಾಯಿತು. ಲೋಲಕ ತೂಗಿದಂತೆ ಕಿಂಡಿಯ ಬೆಳಕು ಹಿಗ್ಗಿ ಕುಗ್ಗಿ, ಫಿಲ್ಮಿನ ಅಂಚಿನ ಧ್ವನಿಪಥದಲ್ಲಿ ಅಚ್ಚಾಗುತ್ತಿತ್ತು. ತೂಗಾಟ ನಿಧಾನವಾದದ್ದು, ಕಿವಿಗೆ ಕೇಳಿಸದು. ಆದರೆ ಫಿಲ್ಮನ್ನು ಸಹಜ ವೇಗದಲ್ಲಿ ಓಡಿಸಿದಾಗ ಅದೇ ತೂಗಾಟ ಸ್ವರವಾಗಿ ಕೇಳಿಬರುತ್ತಿತ್ತು. 1949ರಲ್ಲಿ ಬೆಲ್ಜಿಯಂನಲ್ಲಿ ನಡೆದ ಪ್ರಾಯೋಗಿಕ ಚಲನಚಿತ್ರ ಸ್ಪರ್ಧೆಯಲ್ಲಿ ಈ ಧ್ವನಿಗೆ ಬಹುಮಾನ ಬಂತು. ಗುಗೆನ್‌ಹೈಮ್ ಫೆಲೋಶಿಪ್ ಕೂಡ ಸೋದರರಿಗೆ ಒಲಿಯಿತು.

ಗುಜರಿಯಿಂದ ಬಂದ ಗಣಕ

ಯುದ್ಧದ ವರ್ಷಗಳಲ್ಲಿ ಜಾನ್ ಲಾಕ್‌ಹೀಡ್ ವಿಮಾನ ಕಾರ್ಖಾನೆಯಲ್ಲಿ ಉದ್ಯೋಗದಲ್ಲಿದ್ದರು. ಶಸ್ತ್ರಗಳ ಗುರಿ ಹಿಡಿಯುವ ಯಂತ್ರಗಳ ಒಳಗುಟ್ಟು ಅವರಿಗೆ ಅರ್ಥವಾದದ್ದು ಅಲ್ಲಿಯೇ. ಹಾರುವ ವಿಮಾನಕ್ಕೆ ನೇರ ಗುರಿಯಿಟ್ಟರೆ ಗುಂಡು ತಲುಪುವಷ್ಟರಲ್ಲಿ ವಿಮಾನ ಮುಂದೆ ಹೋಗಿರುತ್ತದೆ. ಆದ್ದರಿಂದ ಇನ್ನು ಕೆಲವು ಸೆಕೆಂಡುಗಳಲ್ಲಿ ವಿಮಾನ ಎಲ್ಲಿರುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಬೇಕು. ಫಿರಂಗಿಯ ಪಕ್ಕದಲ್ಲಿಡುತ್ತಿದ್ದ ಎಂ-5 ಎಂಬ ಯಂತ್ರ ಹಲ್ಲುಗಾಲಿ, ಕ್ಯಾಮ್ ಮತ್ತು ಮೋಟಾರುಗಳ ನೆರವಿನಿಂದ ಈ ಲೆಕ್ಕವನ್ನು ಬಿಡಿಸುತ್ತಿತ್ತು. ಅಂಕಿಗಳಿಲ್ಲದ, ಚಲನೆಯಿಂದಲೇ ಚಲನೆಯನ್ನು ಗಣಿಸುವ ಗಣಕ ಅದು.

ವಕ್ರಪಥವನ್ನು ಲೆಕ್ಕ ಹಾಕಬಲ್ಲ ಯಂತ್ರ ವಕ್ರರೇಖೆಯನ್ನು ಬರೆಯಲೂ ಬಲ್ಲದು ಎಂಬುದು ವಿಟ್ನಿ ಕಂಡುಕೊಂಡ ಸತ್ಯ. ಯುದ್ಧ ಮುಗಿದ ಮೇಲೆ ಸೇನೆ ಇಂತಹ ಯಂತ್ರಗಳನ್ನು ಗುಜರಿಯ ಬೆಲೆಗೆ ವಿಲೇವಾರಿ ಮಾಡಿತು. 1950ರ ದಶಕದ ಉತ್ತರಾರ್ಧದಲ್ಲಿ ವಿಟ್ನಿ ಎಂ-5 ಒಂದನ್ನು ತಂದು ಬಿಚ್ಚಿ ಮರುಜೋಡಿಸಿದರು. ಆನಂತರ ಎಂ-7 ಯಂತ್ರದ ಭಾಗಗಳೂ ಅದಕ್ಕೆ ಸೇರಿ, ಯಂತ್ರ ಸುಮಾರು 12 ಅಡಿ ಎತ್ತರಕ್ಕೆ ಬೆಳೆಯಿತು. ವಿಮಾನದ ದಿಕ್ಕು, ವೇಗಗಳನ್ನು ಊಡಿಸುತ್ತಿದ್ದ ಜಾಗದಲ್ಲಿ ಈಗ ಚಿತ್ತಾರದ ಹಾಳೆಗಳು ಸುತ್ತಿದವು. ಫಿರಂಗಿಯ ಬದಲು ಕ್ಯಾಮೆರಾ ತಿರುಗಿತು.

1958ರಲ್ಲಿ ತೆರೆಕಂಡ ಆಲ್‌ಫ್ರೆಡ್ ಹಿಚ್‌ಕಾಕ್ ಅವರ ವರ್ಟಿಗೋ ಚಿತ್ರವನ್ನು ನೋಡಿದವರಿಗೆ ಅದರ ಶೀರ್ಷಿಕೆಯ ಹೊತ್ತಿನಲ್ಲಿ ಕಣ್ಣಿನೊಳಗಿಂದ ಎದ್ದು ಬರುವ ಸುರುಳಿಗಳು ನೆನಪಿರಬಹುದು. ವಿನ್ಯಾಸಕಾರ ಸಾಲ್ ಬಾಸ್ ಅವರಿಗಾಗಿ ಆ ಸುರುಳಿಗಳನ್ನು ಯಂತ್ರದಿಂದ ಮೂಡಿಸಿಕೊಟ್ಟವರು ಜಾನ್ ವಿಟ್ನಿ. 1960ರಲ್ಲಿ ಅವರು ಮೋಷನ್ ಗ್ರಾಫಿಕ್ಸ್ ಎಂಬ ಹೆಸರಿನ ಸಂಸ್ಥೆಯನ್ನು ಸ್ಥಾಪಿಸಿ ಟಿವಿ ಕಾರ್ಯಕ್ರಮಗಳ ಶೀರ್ಷಿಕೆಗಳನ್ನೂ ಜಾಹೀರಾತುಗಳನ್ನೂ ತಯಾರಿಸಿದರು. ಇಂದು ಜಗತ್ತಿನಾದ್ಯಂತ ಲಕ್ಷಾಂತರ ಮಂದಿಯ ವೃತ್ತಿಯಾಗಿರುವ ಆ ಪದಪುಂಜ ಆಗ ಒಂದು ಪುಟ್ಟ ಕಂಪನಿಯ ನಾಮಫಲಕವಾಗಿತ್ತು. 1961ರಲ್ಲಿ ತಮ್ಮ ಯಂತ್ರ ಏನೇನು ಮಾಡಬಲ್ಲದು ಎಂಬುದನ್ನು ತೋರಿಸಲು ಕೆಟಲಾಗ್ ಎಂಬ ಏಳು ನಿಮಿಷಗಳ ಚಿತ್ರವನ್ನು ಹೊರತಂದರು. ಸ್ಟ್ಯಾನ್ಲಿ ಕ್ಯೂಬ್ರಿಕ್ ಅವರ 1968ರ 2001: ಎ ಸ್ಪೇಸ್ ಒಡಿಸ್ಸಿ ಚಿತ್ರದ ಕೊನೆಯಲ್ಲಿ ಬರುವ ಬೆಳಕಿನ ಸುರಂಗದ ತಂತ್ರಕ್ಕೂ ವಿಟ್ನಿ ಅವರ ಪ್ರಯೋಗಗಳೇ ಪ್ರೇರಣೆ.

ತಮ್ಮನ ಬೇರೆ ದಾರಿ

ಅಣ್ಣ ಯಂತ್ರದ ಹಿಂದೆ ಬಿದ್ದಿದ್ದಾಗ ತಮ್ಮ ಜೇಮ್ಸ್ ಕೈಯನ್ನೇ ನಂಬಿದ್ದರು. ಜೇಮ್ಸ್ ಅವರಿಗೆ ಪೂರ್ವದ ಅಧ್ಯಾತ್ಮದಲ್ಲಿ, ವಿಶೇಷವಾಗಿ ತಿರುವಣ್ಣಾಮಲೈನ ರಮಣ ಮಹರ್ಷಿಗಳ ವಿಚಾರಗಳಲ್ಲಿ ಗಾಢ ಆಸಕ್ತಿ. ಹಾಳೆಗಳ ಮೇಲೆ ಸೂಜಿಯಿಂದ ರಂಧ್ರಗಳನ್ನು ಚುಚ್ಚಿ, ಆ ರಂಧ್ರಗಳ ಮೂಲಕ ಚುಕ್ಕಿ ಚುಕ್ಕಿಯಾಗಿ ಬಣ್ಣ ಇಳಿಸಿ ಅವರು ಯಂತ್ರ ಎಂಬ ಚಿತ್ರವನ್ನು ರಚಿಸಿದರು. ಸಂಸ್ಕೃತದ ಯಂತ್ರ, ಅಂದರೆ ಪೂಜೆಯ ಮಂಡಲ ಎಂಬ ಅರ್ಥದ ಹೆಸರದು. ಕೆಲವೇ ನಿಮಿಷಗಳ ಆ ಚಿತ್ರ 1957ರಲ್ಲಿ ಪೂರ್ಣಗೊಳ್ಳುವ ಹೊತ್ತಿಗೆ ವರ್ಷಗಳೇ ಸವೆದಿದ್ದವು.

ಮುಂದಿನ ಚಿತ್ರ ಲ್ಯಾಪಿಸ್‌ಗೆ ಜೇಮ್ಸ್ ಅಣ್ಣನ ಮಾದರಿಯ ಗಣಕಯಂತ್ರವನ್ನು ಬಳಸಿಕೊಂಡರು. 1966ರಲ್ಲಿ ಮುಗಿದ ಈ ಚಿತ್ರದಲ್ಲಿ ಸಿತಾರ್ ನಾದದೊಂದಿಗೆ ನೂರಾರು ಚುಕ್ಕಿಗಳು ಮಂಡಲವಾಗಿ ಕೂಡಿ ಕರಗುತ್ತವೆ. ಫಿರಂಗಿಗೆ ಗುರಿ ತೋರಿಸುತ್ತಿದ್ದ ಯಂತ್ರದ ತತ್ವವೇ ಇಲ್ಲಿ ಧ್ಯಾನಕ್ಕೆ ಒದಗಿತು. ಲೆಕ್ಕ ಬದಲಾಗಿರಲಿಲ್ಲ, ಅದನ್ನು ಯಾವುದಕ್ಕೆ ಬಳಸಬೇಕೆಂಬ ನಿರ್ಧಾರ ಬದಲಾಗಿತ್ತು.

281 ಚುಕ್ಕಿಗಳ ಲಯ

1966ರಲ್ಲಿ ಐಬಿಎಂ ಸಂಸ್ಥೆ ಜಾನ್ ವಿಟ್ನಿ ಅವರನ್ನು ತನ್ನ ಮೊದಲ ಆವಾಸಿ ಕಲಾವಿದರನ್ನಾಗಿ ಬರಮಾಡಿಕೊಂಡಿತು. ಮೊದಲ ಬಾರಿಗೆ ಅವರ ಕೈಗೆ ಅಂಕಿಗಳಿಂದ ನಡೆಯುವ ನಿಜವಾದ ಡಿಜಿಟಲ್ ಗಣಕ ದೊರೆಯಿತು. ಸಂಸ್ಥೆಯ ಜ್ಯಾಕ್ ಸಿಟ್ರನ್ ಅವರು ಫೋರ್ಟ್ರಾನ್ ಭಾಷೆಗೆ ಚಿತ್ರಸಾಮರ್ಥ್ಯವನ್ನು ಸೇರಿಸಿ ಅವರಿಗೆ ಪ್ರೋಗ್ರಾಂ ಸಿದ್ಧಪಡಿಸಿಕೊಟ್ಟರು. ಅದರ ಫಲವೇ 1968ರ ಪರ್ಮ್ಯುಟೇಷನ್ಸ್.

ಈ ಚಿತ್ರದಲ್ಲಿರುವುದು 281 ಚುಕ್ಕಿಗಳು. ಅದರ ಹಿಂದಿನ ನಿಯಮದ ತಿರುಳು ಸರಳವಾದದ್ದು. ಎಲ್ಲ ಚುಕ್ಕಿಗಳೂ ಒಂದೇ ಗೆರೆಯಿಂದ ಹೊರಡುತ್ತವೆ ಎಂದಿಟ್ಟುಕೊಳ್ಳೋಣ. ಮೊದಲನೆಯ ಚುಕ್ಕಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಎರಡನೆಯದು ಎರಡು ಸುತ್ತು, ಮೂರನೆಯದು ಮೂರು ಸುತ್ತು ಹೀಗೆ ತಿರುಗುತ್ತವೆ. ಹೊರಟ ಕೂಡಲೇ ಚುಕ್ಕಿಗಳು ಚದುರಿ ಸುರುಳಿಯಾಗುತ್ತವೆ. ಆದರೆ ಮೊದಲನೆಯ ಚುಕ್ಕಿ ಸರಿಯಾಗಿ ಅರ್ಧ ಸುತ್ತಿಗೆ ಬಂದಾಗ ಸಮಸಂಖ್ಯೆಯವೆಲ್ಲ ಒಂದು ಬದಿಗೆ, ಬೆಸಸಂಖ್ಯೆಯವೆಲ್ಲ ಎದುರು ಬದಿಗೆ ಸೇರಿ ಎರಡು ತೋಳುಗಳಾಗುತ್ತವೆ. ಮೂರನೆಯ ಒಂದು ಭಾಗದಲ್ಲಿ ಮೂರು ತೋಳು, ಕಾಲು ಭಾಗದಲ್ಲಿ ನಾಲ್ಕು ತೋಳು. ಸುತ್ತು ಪೂರ್ತಿಯಾದಾಗ ಎಲ್ಲವೂ ಮತ್ತೆ ಮೊದಲಿನ ಗೆರೆಯಲ್ಲಿ ಹಾಜರು.

ನಮ್ಮ ಸಂಗೀತ ಕಛೇರಿಗಳ ತನಿ ಆವರ್ತನವನ್ನು ಕೇಳಿದವರಿಗೆ ಇದು ಹೊಸತೆನಿಸದು. ಮೃದಂಗ ಮತ್ತು ಘಟಗಳ ಲೆಕ್ಕಗಳು ಬೇರೆ ಬೇರೆ ದಾರಿ ಹಿಡಿದು, ಇನ್ನೇನು ತಪ್ಪಿತು ಎನ್ನುವಾಗ ಒಟ್ಟಿಗೆ ಬಂದು ಸೇರಿದರೆ ಸಭೆ ತಲೆದೂಗುತ್ತದೆ. ಚದುರುವಿಕೆಯಲ್ಲಿ ಬಿಗುವು, ಕೂಡುವಿಕೆಯಲ್ಲಿ ಬಿಡುಗಡೆ. ವಿಟ್ನಿ ಈ ಅನುಭವವನ್ನೇ ಕಣ್ಣಿಗೆ ತಂದುಕೊಟ್ಟರು. ಪರ್ಮ್ಯುಟೇಷನ್ಸ್ ಚಿತ್ರಕ್ಕೆ ಅವರು ಭಾರತೀಯ ತಾಳವಾದ್ಯದ ಹಿನ್ನೆಲೆಯನ್ನೇ ಜೋಡಿಸಿದ್ದು ಗಮನಾರ್ಹ.

ಆದರೆ ಹಾದಿ ಸುಗಮವಾಗಿರಲಿಲ್ಲ. ಒಂದೊಂದು ಚಿತ್ರವನ್ನು ಪರದೆಯ ಮೇಲೆ ಮೂಡಿಸಲು ಯಂತ್ರಕ್ಕೆ ಹಲವು ಸೆಕೆಂಡುಗಳು ಬೇಕಾಗುತ್ತಿದ್ದವು. ಒಂದು ಸೆಕೆಂಡಿನ ಚಲನಚಿತ್ರಕ್ಕೆ ಅಂತಹ 24 ಚಿತ್ರಗಳು ಬೇಕು. ಪ್ರತಿ ಚಿತ್ರವನ್ನೂ ಕ್ಯಾಮೆರಾದಿಂದ ಸೆರೆಹಿಡಿದು, ಕಪ್ಪು-ಬಿಳುಪಿನ ಫಿಲ್ಮಿಗೆ ಬಣ್ಣವನ್ನು ಆನಂತರ ಸೇರಿಸಬೇಕಿತ್ತು. ತಾವು ಬರೆಸಿದ ಚಲನೆ ಚೆನ್ನಾಗಿದೆಯೋ ಇಲ್ಲವೋ ಎಂಬುದು ಫಿಲ್ಮ್ ತೊಳೆದು ಬಂದ ಮೇಲಷ್ಟೇ ಕಲಾವಿದನಿಗೆ ತಿಳಿಯುತ್ತಿತ್ತು. ಪಿಟೀಲು ನುಡಿಸುವವನಿಗೆ ಸ್ವರ ಮರುದಿನ ಕೇಳಿಸಿದಂತಹ ಸ್ಥಿತಿ.

ಸಿದ್ಧಾಂತ ಮತ್ತು ಅದರ ಮಿತಿ

1975ರ ಅರಾಬೆಸ್ಕ್ ವಿಟ್ನಿ ಅವರ ಅತ್ಯುತ್ತಮ ಕೃತಿಯೆಂದು ಅನೇಕರ ಅಭಿಪ್ರಾಯ. ಪರ್ಷಿಯಾದ ಸಂತೂರ್ ವಾದನಕ್ಕೆ ಹೊಂದುವಂತೆ ಅದರಲ್ಲಿ ಬೆಳಕಿನ ಗೆರೆಗಳು ಬಾಗಿ ಬಳುಕುತ್ತವೆ. ಅದಕ್ಕೆ ಪ್ರೋಗ್ರಾಂ ಬರೆದ ಯುವಕ ಲ್ಯಾರಿ ಕ್ಯೂಬಾ ಎರಡು ವರ್ಷಗಳ ಬಳಿಕ ಸ್ಟಾರ್ ವಾರ್ಸ್ ಚಿತ್ರದಲ್ಲಿ, ದಾಳಿಗೆ ಮುನ್ನ ಯೋಧರಿಗೆ ತೋರಿಸುವ ಗಣಕ ದೃಶ್ಯವನ್ನು ರಚಿಸಿದರು. ಹಾಗೆ ಆ ವಿದ್ಯೆ ಕಥೆಯಲ್ಲಾದರೂ ಮರಳಿ ರಣರಂಗವನ್ನು ತಲುಪಿತ್ತು.

1980ರಲ್ಲಿ ವಿಟ್ನಿ ತಮ್ಮ ವಿಚಾರಗಳನ್ನು ಡಿಜಿಟಲ್ ಹಾರ್ಮನಿ ಎಂಬ ಗ್ರಂಥದಲ್ಲಿ ಮಂಡಿಸಿದರು. ಸ್ವರಗಳ ನಡುವಿನ ಸಾಮರಸ್ಯವನ್ನು ಆಳುವ ಸರಳ ಅನುಪಾತಗಳೇ ಚಲನೆಯ ಸಾಮರಸ್ಯವನ್ನೂ ಆಳುತ್ತವೆ ಎಂಬುದು ಅವರ ವಾದ. ಇದನ್ನು ಎಲ್ಲರೂ ಒಪ್ಪಲಿಲ್ಲ. ಕಿವಿ ಮೇಲಿನ ಷಡ್ಜವನ್ನು ಕೇಳಿದೊಡನೆ ಗುರುತಿಸುತ್ತದೆ. ಕಣ್ಣಿಗೆ ಅಂತಹ ಷಡ್ಜವಿಲ್ಲ. ಆದರೂ ಚುಕ್ಕಿಗಳು ಚದುರಿ ಮತ್ತೆ ಕೂಡುವಾಗ ನೋಡುಗನ ಮನಸ್ಸು ಹಗುರಾಗುವುದಂತೂ ಸುಳ್ಳಲ್ಲ. ಸಿದ್ಧಾಂತ ಪೂರ್ತಿ ಗೆಲ್ಲದಿದ್ದರೂ ಅದರಿಂದ ಹುಟ್ಟಿದ ಕಲೆ ಉಳಿಯಿತು.

ಚಿತ್ರ ಮತ್ತು ಸಂಗೀತಗಳನ್ನು ಒಂದೇ ಯಂತ್ರದಲ್ಲಿ, ಒಟ್ಟಿಗೆ ರಚಿಸಬೇಕೆಂಬ ಅವರ ಆಸೆ ಕೈಗೂಡಿದ್ದು 1980ರ ದಶಕದಲ್ಲಿ, ಮನೆಗಳಿಗೆ ಪುಟ್ಟ ಗಣಕಗಳು ಬಂದ ಮೇಲೆ. ಆಗ ಅವರಿಗೆ ಎಪ್ಪತ್ತರ ಹತ್ತಿರದ ವಯಸ್ಸು. ಜೆರಿ ರೀಡ್ ಅವರ ನೆರವಿನಿಂದ ತಂತ್ರಾಂಶವನ್ನು ರೂಪಿಸಿಕೊಂಡು ಮೂನ್ ಡ್ರಮ್ ಎಂಬ ಕೃತಿಮಾಲೆಯನ್ನು ರಚಿಸಿದರು. 1986ರಲ್ಲಿ ಆಸ್ಕರ್ ಪ್ರಶಸ್ತಿ ನೀಡುವ ಅಕಾಡೆಮಿ ಅವರನ್ನು ಪದಕ ನೀಡಿ ಗೌರವಿಸಿತು. ಮೂವರು ಪುತ್ರರೂ ತಂದೆಯ ಹಾದಿಯಲ್ಲಿ ನಡೆದರು. ಹಿರಿಯ ಮಗ ಜಾನ್ ಜೂನಿಯರ್ 1973ರ ವೆಸ್ಟ್‌ವರ್ಲ್ಡ್ ಚಿತ್ರಕ್ಕಾಗಿ ಯಂತ್ರಮಾನವನ ಕಣ್ಣಿನ ನೋಟವನ್ನು ಗಣಕದಿಂದ ರೂಪಿಸಿದರು.

ಕೈಗೆಟುಕಿದ ಕಲೆ

1995ರ ಸೆಪ್ಟೆಂಬರ್ 22ರಂದು ಲಾಸ್ ಏಂಜಲೀಸ್‌ನಲ್ಲಿ ಜಾನ್ ವಿಟ್ನಿ ನಿಧನರಾದರು. ಅದೇ ಡಿಸೆಂಬರ್‌ನಲ್ಲಿ ಜಾವಾಸ್ಕ್ರಿಪ್ಟ್ ಎಂಬ ಭಾಷೆ ಪ್ರಕಟವಾಯಿತು. ಅಂತರ್ಜಾಲದ ಪುಟಗಳಲ್ಲಿ ಚಿತ್ರಗಳು ಚಲಿಸುವಂತೆ, ನೋಡುಗನ ಬೆರಳಿಗೆ ಸ್ಪಂದಿಸುವಂತೆ ಮಾಡಿದ ಭಾಷೆ ಅದು. 2001ರಲ್ಲಿ ಕೇಸಿ ರಿಯಾಸ್ ಮತ್ತು ಬೆನ್ ಫ್ರೈ ಕಲಾವಿದರಿಗಾಗಿಯೇ ಪ್ರೊಸೆಸಿಂಗ್ ಎಂಬ ಉಚಿತ ತಂತ್ರಾಂಶವನ್ನು ಆರಂಭಿಸಿದರು. ಮುಂದೆ ಲಾರೆನ್ ಮೆಕಾರ್ಥಿ ಅದರ ಕಲ್ಪನೆಯನ್ನು ಪಿ5.ಜೆಎಸ್ ಎಂಬ ರೂಪದಲ್ಲಿ ಬ್ರೌಸರ್‌ಗೆ ತಂದರು. ವಿಟ್ನಿ ಅವರ ನಿಯಮವನ್ನೇ ಆಧರಿಸಿ ಜಿಮ್ ಬಮ್‌ಗಾರ್ಡ್ನರ್ ರಚಿಸಿದ ವಿಟ್ನಿ ಮ್ಯೂಸಿಕ್ ಬಾಕ್ಸ್‌ನಲ್ಲಿ ಪ್ರತಿ ಚುಕ್ಕಿಯೂ ಗೆರೆಯೊಂದನ್ನು ದಾಟುವಾಗ ಒಂದು ಸ್ವರ ಮೊಳಗುತ್ತದೆ.

ಅಂದು ಒಂದು ದೈತ್ಯ ಸಂಸ್ಥೆಯ ಔದಾರ್ಯವಿಲ್ಲದೆ ಸಾಧ್ಯವಾಗದಿದ್ದ ಪ್ರಯೋಗವನ್ನು ಇಂದು ಪ್ರೌಢಶಾಲೆಯ ವಿದ್ಯಾರ್ಥಿಯೂ ಹತ್ತಿಪ್ಪತ್ತು ಸಾಲುಗಳಲ್ಲಿ ಬರೆದು, ಅದೇ ಕ್ಷಣ ಪರದೆಯಲ್ಲಿ ಕಾಣಬಹುದು. ವೇಗದ ಅಂಕಿಯನ್ನು ಬದಲಿಸಿದೊಡನೆ ಹೂವು ಬದಲಾಗುತ್ತದೆ. ಸ್ವರ ಮರುದಿನ ಕೇಳಿಸುವ ಕಷ್ಟ ಈಗಿಲ್ಲ.

ಚುಕ್ಕಿಯೊಂದು ಮುಂದಿನ ಕ್ಷಣ ಎಲ್ಲಿರುತ್ತದೆ ಎಂಬ ಲೆಕ್ಕದಿಂದಲೇ ಈ ಕಲೆ ನಡೆಯುತ್ತದೆ. ಆಗಸದ ವಿಮಾನಕ್ಕಾಗಿ ಎಂ-5 ಬಿಡಿಸುತ್ತಿದ್ದದ್ದೂ ಅದೇ ಬಗೆಯ ಲೆಕ್ಕ. ಎಲ್ಲರೂ ಅದನ್ನು ಆಯುಧವೆಂದು ಕಂಡಿದ್ದ ಕಾಲದಲ್ಲಿ ಒಬ್ಬ ಮನುಷ್ಯ ಅದನ್ನು ವಾದ್ಯವೆಂದು ಕಂಡರು ಎಂಬುದೇ ಜಾನ್ ವಿಟ್ನಿ ಅವರ ಬದುಕಿನ ಹಿರಿಮೆ.